ಚೀಟಿಗೆ ಜಾಗ ಕೊಟ್ಟವರು ಯಾರು?

2023ರಲ್ಲಿ ರಾಜ್ಯದ ಎಸ್‌ಎಸ್‌ಎಲ್‌ಸಿ ಫಲಿತಾಂಶ ಶೇ 83.89. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಶುರುವಾಯಿತು. ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ಆ ಔದಾರ್ಯ ಇಲ್ಲದ 2025ರಲ್ಲಿ ಮೊದಲ ಪರೀಕ್ಷೆಯ ಫಲಿತಾಂಶ ಶೇ 66.14.

ಇಳಿಕೆಗೆಲ್ಲ ಕ್ಯಾಮೆರಾವೊಂದೇ ಕಾರಣ ಎನ್ನಲಾಗದು. ಆದರೆ ಒಂದು ಮಾತು ನಿಚ್ಚಳ: ನಕಲು ಎಂಬುದು ಮಕ್ಕಳಷ್ಟೇ ನಡೆಸುತ್ತಿದ್ದ ವ್ಯವಹಾರವಲ್ಲ. ಮೇಲ್ವಿಚಾರಕರು ಕಿಟಕಿಯತ್ತ ಮುಖ ತಿರುಗಿಸಿದರೆ ತಾನೇ ಚೀಟಿ ಹೊರಬರುವುದು? ಅವರು ಮುಖ ತಿರುಗಿಸುವುದಕ್ಕೂ ಕಾರಣವಿದೆ. ಫಲಿತಾಂಶದ ದಿನ ಜಿಲ್ಲೆಗಳನ್ನು ಮೇಲಿನಿಂದ ಕೆಳಗೆ ಸಾಲಾಗಿ ನಿಲ್ಲಿಸುತ್ತೇವೆ. ಕೊನೆಯ ಸಾಲಿನವರಿಗೆ ಸಿಗುವುದು ನೋಟಿಸು. ಹೀಗಿರುವಾಗ ಚೀಟಿಯಿಂದ ಹುಡುಗನಿಗೆ ಎಷ್ಟು ಲಾಭವೋ ಶಾಲೆಗೂ ಇಲಾಖೆಗೂ ಅಷ್ಟೇ ಲಾಭ. ಸಿಕ್ಕಿಬಿದ್ದು ಡಿಬಾರ್ ಆಗುವವನು ಮಾತ್ರ ಹುಡುಗ.

ನಮಗೆ ಗೊತ್ತಿರುವ ಮದ್ದುಗಳೆಲ್ಲ ಕಾವಲಿನವು. ಪರೀಕ್ಷಾ ಕೇಂದ್ರದ ಸುತ್ತ ನಿಷೇಧಾಜ್ಞೆ, ಜೆರಾಕ್ಸ್ ಅಂಗಡಿಗೆ ಬೀಗ, ಜಾಗೃತ ದಳ. 2019ರಲ್ಲಿ ಹಾವೇರಿಯ ಪದವಿಪೂರ್ವ ಕಾಲೇಜೊಂದು ವಿದ್ಯಾರ್ಥಿಗಳ ತಲೆಗೆ ರಟ್ಟಿನ ಡಬ್ಬ ತೊಡಿಸಿ ಪರೀಕ್ಷೆ ಬರೆಸಿತು. ಕಣ್ಣಿಗೆ ಪಟ್ಟಿ ಕಟ್ಟಿದ ಗಾಣದೆತ್ತಿನಂತೆ ಮಕ್ಕಳು ಕೂತ ಆ ಚಿತ್ರ ದೇಶವೆಲ್ಲ ಹರಿದಾಡಿ, ಕಾಲೇಜು ತಲೆತಗ್ಗಿಸಬೇಕಾಯಿತು. ಕಾವಲು ಬೇಡವೆಂದಲ್ಲ. ರಾತ್ರಿಯೆಲ್ಲ ಓದಿ ಬಂದವಳಿಗೆ ಪಕ್ಕದವನ ಚೀಟಿಯಿಂದ ಅನ್ಯಾಯವಾಗಬಾರದು. ಆದರೆ ಕಾವಲು ತೆಗೆಯುವುದು ಅವಕಾಶವನ್ನು, ಆಸೆಯನ್ನಲ್ಲ.

ಆಸೆಯ ಬೇರು ಪ್ರಶ್ನೆಪತ್ರಿಕೆಯಲ್ಲೇ ಇದೆ. ಉತ್ತರ ಚೀಟಿಯಲ್ಲಿ ಹಿಡಿಯುವಂಥದ್ದಾದರೆ ಚೀಟಿ ಹುಟ್ಟಿಯೇ ಹುಟ್ಟುತ್ತದೆ. ‘ಪಾಸಿಂಗ್ ಪ್ಯಾಕೇಜ್’ ಹೆಸರಲ್ಲಿ ಇಷ್ಟೇ ಪ್ರಶ್ನೆ, ಇಷ್ಟೇ ಉತ್ತರ ಎಂದು ಬಾಯಿಪಾಠ ಮಾಡಿಸುವವರು ನಾವು. ಅದನ್ನೇ ಮೈಕ್ರೊ ಜೆರಾಕ್ಸ್ ಮಾಡಿಸಿ ತಂದವನನ್ನು ಕಳ್ಳ ಎನ್ನುವವರೂ ನಾವು. ಬಾಯಿಪಾಠ ಮಾಡಿದವನದೂ ಚೀಟಿ ತಂದವನದೂ ಒಂದೇ ಪಠ್ಯ, ಒಬ್ಬನದು ತಲೆಯಲ್ಲಿ, ಇನ್ನೊಬ್ಬನದು ಜೇಬಿನಲ್ಲಿ. ಊರ ಕೆರೆ ಯಾಕೆ ಬತ್ತಿತು ಎಂದು ಕೇಳಿ ನೋಡಿ, ಯಾವ ಚೀಟಿ ನೆರವಿಗೆ ಬರುತ್ತದೆ?

ಪ್ರಶ್ನೆಯನ್ನು ಬದಲಿಸುವುದು ಮೊದಲ ಕೆಲಸವಾದರೆ, ಭಯವನ್ನು ತಗ್ಗಿಸುವುದು ಎರಡನೆಯದು. ಈ ದಿಕ್ಕಿನಲ್ಲಿ ರಾಜ್ಯ ಒಂದು ಒಳ್ಳೆಯ ಹೆಜ್ಜೆ ಇಟ್ಟಿತು: 2024ರಲ್ಲಿ ಒಂದೇ ವರ್ಷಕ್ಕೆ ಮೂರು ಪರೀಕ್ಷೆ ಶುರುವಾಯಿತು, ಹೆಚ್ಚು ಅಂಕ ಬಂದದ್ದನ್ನು ಉಳಿಸಿಕೊಳ್ಳಬಹುದಿತ್ತು. ಇಂದು ಹೋದರೆ ವರ್ಷವೇ ಹೋಯಿತು ಎಂಬ ದಿಗಿಲು ಇಲ್ಲದವನಿಗೆ ಅಡ್ಡದಾರಿಯ ಸೆಳೆತವೂ ಕಡಿಮೆ.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ನಕಲು ಮಾಡಿದವನ ತಪ್ಪು ಮನ್ನಾ ಆಗುವುದಿಲ್ಲ. ಹದಿನಾರರ ಹುಡುಗನಿಗೆ ಸರಿ ತಪ್ಪು ತಿಳಿಯುತ್ತದೆ. ಆದರೆ ತಪ್ಪಿನ ಲೆಕ್ಕ ಅವನೊಬ್ಬನ ಹೆಸರಿಗೆ ಬರೆದು ಪುಸ್ತಕ ಮುಚ್ಚುವುದು ಕೂಡ ಒಂದು ಬಗೆಯ ನಕಲೇ. ಫಲಿತಾಂಶ ಕುಸಿದಾಗ ‘ಶೇಕಡಾವಾರು ಯಾಕೆ ಇಳಿಯಿತು’ ಎಂದು ಶಾಲೆಗೆ ನೋಟಿಸು ಕೊಡುವವರು, ‘ಓದಲು ಬಾರದ ಮಗು ಹತ್ತನೆಯ ತರಗತಿವರೆಗೆ ಬಂದದ್ದು ಹೇಗೆ’ ಎಂದು ಮೊದಲು ತಮ್ಮ ಕಚೇರಿಗೇ ಒಂದು ನೋಟಿಸು ಬರೆದುಕೊಳ್ಳಲಿ.