ಕಾದಂಬರಿಕಾರನ ಕಾಯಕ

ಕಾದಂಬರಿಯು ಸ್ಫೂರ್ತಿಯಿಂದ ತಾನಾಗಿಯೇ ಹುಟ್ಟುತ್ತದೆ ಎಂಬ ನಂಬಿಕೆ ಜನರಲ್ಲಿ ಬೇರೂರಿದೆ. ಒಂದು ಶುಭಗಳಿಗೆಯಲ್ಲಿ ಕಥೆ ಹೊಳೆಯುತ್ತದೆ. ಲೇಖನಿ ತಾನೇ ಓಡುತ್ತದೆ. ಪುಸ್ತಕ ಸಿದ್ಧವಾಗುತ್ತದೆ ಎಂದು ಅನೇಕರು ಭಾವಿಸುತ್ತಾರೆ. ಇದು ಅರ್ಧಸತ್ಯ. ಸ್ಫೂರ್ತಿ ಬೀಜವಿದ್ದಂತೆ. ಬೀಜವಿದ್ದ ಮಾತ್ರಕ್ಕೆ ಬೆಳೆ ಕೈಗೆ ಬಾರದು. ನೆಲವನ್ನು ಹದಗೊಳಿಸಬೇಕು, ಬಿತ್ತಬೇಕು, ಕಳೆ ಕೀಳಬೇಕು. ಕಾದಂಬರಿಯ ರಚನೆಯೂ ಅಂತಹುದೇ ಒಂದು ಕೃಷಿ.

ಬರೆಯಲೆಳಸುವವರು ಮೊದಲು ಮಾಡಬೇಕಾದ ಕೆಲಸ ಕಥೆ ಕಟ್ಟುವುದಲ್ಲ, ಬದುಕನ್ನು ಅರಿಯುವುದು. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಕರಾವಳಿಯ ಒಂದು ಕುಟುಂಬದ ಮೂರು ತಲೆಮಾರುಗಳ ಕಥೆ. ಕಡಲು, ಮಳೆ, ಗದ್ದೆ, ಹೆಂಗಸರ ದಣಿವರಿಯದ ದುಡಿಮೆ ಇವೆಲ್ಲ ಅಲ್ಲಿ ಕೇವಲ ಅಲಂಕಾರಗಳಲ್ಲ. ಕಥೆಯನ್ನು ಹೊತ್ತು ನಿಂತ ಕಂಬಗಳು. ಆ ನೆಲದಲ್ಲಿ ಹುಟ್ಟಿ ಬೆಳೆದು, ಅದನ್ನು ಕಣ್ಣಿಟ್ಟು ನೋಡಿದವರಿಗಷ್ಟೇ ಅಂತಹ ಬರವಣಿಗೆ ಸಾಧ್ಯ. ಕಾಣದ ಕಾಲವನ್ನು ಚಿತ್ರಿಸುವವರಿಗೂ ಈ ನಿಯಮದಿಂದ ವಿನಾಯಿತಿಯಿಲ್ಲ. ಎಸ್. ಎಲ್. ಭೈರಪ್ಪನವರು 1979ರಲ್ಲಿ ಪ್ರಕಟವಾದ ‘ಪರ್ವ’ಕ್ಕಾಗಿ ಗ್ರಂಥಗಳನ್ನು ಓದಿದ್ದಲ್ಲದೆ, ಮಹಾಭಾರತಕ್ಕೆ ಸಂಬಂಧಿಸಿದ ಸ್ಥಳಗಳಲ್ಲಿ ಸಂಚರಿಸಿದರು; ಹಿಮಾಲಯದ ಕಡೆಗೂ ಹೋಗಿ ಅಲ್ಲಿನ ಜನರ ರೀತಿನೀತಿಗಳನ್ನು ಅರಿತರು.

ಅವಸರದಲ್ಲಿ ಬರೆದ ಒಳ್ಳೆಯ ಕಾದಂಬರಿಗಳಿಲ್ಲವೇ ಎಂದು ಯಾರಾದರೂ ಕೇಳಬಹುದು. ಇವೆ. ರಷ್ಯದ ದಸ್ತಯೇವ್‌ಸ್ಕಿ 1866ರಲ್ಲಿ ಪ್ರಕಾಶಕನೊಬ್ಬನ ಕಠಿಣ ಕರಾರಿಗೆ ಸಿಲುಕಿ ‘ಜೂಜುಗಾರ’ ಎಂಬ ಕಾದಂಬರಿಯನ್ನು 26 ದಿನಗಳಲ್ಲಿ ಹೇಳಿ ಬರೆಯಿಸಿದ. ಆದರೆ ಜೂಜುಕಟ್ಟೆಯ ಆಸೆಯನ್ನೂ ಹತಾಶೆಯನ್ನೂ ಅವನು ಅದಕ್ಕೆ ಮೊದಲೇ ವರ್ಷಗಟ್ಟಲೆ ಸ್ವತಃ ಉಂಡಿದ್ದ. ಬರವಣಿಗೆಗೆ ಹಿಡಿದದ್ದು 26 ದಿನ. ಸಿದ್ಧತೆಗೆ ಹಿಡಿದದ್ದು ಅದಕ್ಕಿಂತ ಎಷ್ಟೋ ಹೆಚ್ಚು.

ಎರಡನೆಯದು ಪಾತ್ರಗಳ ವಿಷಯದಲ್ಲಿ ನ್ಯಾಯ. ಪಾತ್ರಗಳು ಲೇಖಕನ ಕೈಗೊಂಬೆಗಳಾಗಬಾರದು. ಜಿಪುಣನನ್ನು ಕಥೆಯ ಅನುಕೂಲಕ್ಕಾಗಿ ಒಂದೇ ಪುಟದಲ್ಲಿ ದಾನಿಯನ್ನಾಗಿಸಿದರೆ ಓದುಗರು ನಂಬುವುದಿಲ್ಲ. ಬಡವರನ್ನು ನಗೆಪಾಟಲಿಗೋ ಕನಿಕರಕ್ಕೋ ಮಾತ್ರ ಬಳಸಿಕೊಂಡರೆ ಅದು ಕಲೆಯ ದೋಷವಷ್ಟೇ ಅಲ್ಲ, ಮನುಷ್ಯರಿಗೆ ಬಗೆದ ಅನ್ಯಾಯ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ಜೀತದಾಳು ಗುತ್ತಿಗೂ ಅವನ ನಾಯಿ ಹುಲಿಯನಿಗೂ ದೊಡ್ಡ ಮನೆತನದ ಗೌಡರಷ್ಟೇ ಆದರದ ಸ್ಥಾನವಿದೆ. ಅದರ ಹಿರಿಮೆಗೆ ಈ ಸಮದೃಷ್ಟಿಯೇ ಒಂದು ಮುಖ್ಯ ಕಾರಣ.

ಮೂರನೆಯದು ತಿದ್ದುವಿಕೆ. ಮೊದಲ ಪ್ರತಿ ಎಂಬುದು ಗಣಿಯಿಂದ ತೆಗೆದ ಅದಿರು. ಫ್ರಾನ್ಸಿನ ಫ್ಲೋಬೇರ್ ‘ಮದಾಂ ಬೊವಾರಿ’ಯನ್ನು 1851ರಲ್ಲಿ ಆರಂಭಿಸಿ 1856ರಲ್ಲಿ ಮುಗಿಸಿದ. ಬರೆದ ವಾಕ್ಯಗಳನ್ನು ಗಟ್ಟಿಯಾಗಿ ಓದಿ, ಕಿವಿಗೆ ಒಪ್ಪದಿದ್ದರೆ ಮತ್ತೆ ಬರೆಯುತ್ತಿದ್ದ. ಹೊಸಬರಿಗೆ ಇದಕ್ಕಿಂತ ಸುಲಭವೂ ಉಪಯುಕ್ತವೂ ಆದ ಉಪಾಯ ಇನ್ನೊಂದಿಲ್ಲ. ಬರೆದುದನ್ನು ಕೆಲವು ದಿನ ಬದಿಗಿಟ್ಟು, ಅನಂತರ ಬೇರೆಯವರ ಬರಹವೆಂಬಂತೆ ಓದಬೇಕು. ಎಷ್ಟೇ ಸೊಗಸಾಗಿದ್ದರೂ ಕಥೆಗೆ ಬೇಡವಾದ ಮಾತನ್ನು ಹೊಡೆದುಹಾಕುವ ಧೈರ್ಯವಿರಬೇಕು.

ದಿನಕ್ಕೆ ಒಂದು ಪುಟದಂತೆ ಬರೆದರೂ ವರ್ಷಕ್ಕೆ 365 ಪುಟಗಳಾಗುತ್ತವೆ. ಆದುದರಿಂದ ಕೊರತೆ ಸಮಯದ್ದಲ್ಲ, ನಿಷ್ಠೆಯದು. ಪ್ರತಿಭೆ ಎಲ್ಲರಿಗೂ ಸಮನಾಗಿ ದೊರೆಯದಿರಬಹುದು. ನೋಡುವ ಕಣ್ಣು, ಮರುಗುವ ಮನಸ್ಸು, ತಿದ್ದುವ ತಾಳ್ಮೆ ಇವುಗಳನ್ನು ಯಾರು ಬೇಕಾದರೂ ಬೆಳೆಸಿಕೊಳ್ಳಬಹುದು. ಇವುಗಳನ್ನು ಬೆಳೆಸಿಕೊಂಡವರು ಒಂದು ವೇಳೆ ಕಾದಂಬರಿಕಾರರಾಗದಿದ್ದರೂ ನೆರೆಹೊರೆಯವರ ಸುಖದುಃಖಗಳನ್ನು ಬಲ್ಲ ಮನುಷ್ಯರಾಗುತ್ತಾರೆ. ಅದೇನು ಸಣ್ಣ ಲಾಭವಲ್ಲ.