ಡಿವಿಡಿ ನಕಲು: ಒಡೆಯ ಯಾರು, ಕಳ್ಳ ಯಾರು?

ಬನಹಟ್ಟಿಯ ವಿದ್ಯುತ್ ಮಗ್ಗವೊಂದರಲ್ಲಿ ದುಡಿಯುವ ಕಾರ್ಮಿಕ ಬಂಧುವೊಬ್ಬರು ಈಚೆಗೆ ನಮ್ಮಲ್ಲಿಗೆ ಬಂದಿದ್ದರು. ಕೂಲಿಯ ತಕರಾರೋ ಬೋನಸ್ಸಿನ ಮಾತೋ ಇರಬೇಕೆಂದು ನಾವು ತಿಳಿದೆವು. ಆದರೆ ಅವರು ಕೈಚೀಲದಿಂದ ತೆಗೆದು ಮೇಜಿನ ಮೇಲಿಟ್ಟದ್ದು ಹಳೆಯ ಎರಡು ಸೀಡಿಗಳನ್ನು. ಬೀಳಗಿ ತಾಲೂಕಿನ ಅವರ ಹುಟ್ಟೂರು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿ ಹೋಗಿದೆ. ಮುಳುಗುವ ಮೊದಲು ಅವರ ಅಕ್ಕನ ಮದುವೆ ಆ ಊರಿನ ಮನೆಯ ಅಂಗಳದಲ್ಲಿಯೇ ಆಗಿತ್ತು. ಆಗಿನ ವಿಡಿಯೋ ಟೇಪನ್ನು ಮುಂದೆ ಯಾರೋ ಸೀಡಿಗೆ ಇಳಿಸಿಕೊಟ್ಟಿದ್ದರು. “ನಮ್ಮ ಊರು ಈಗ ಇದರಾಗಷ್ಟ ಐತ್ರಿ. ಅವ್ವನ ದನಿನೂ ಇದರಾಗಷ್ಟ ಐತಿ. ಹಚ್ಚಿದರ ನಡನಡಕ ನಿಂತಬಿಡತೈತಿ,” ಎಂದರು.

ಒಂದು ಅಂಗಡಿಯವರು, ಸೀಡಿ ನಕಲು ಮಾಡಿದರೆ ಪೊಲೀಸ್ ಕೇಸಾಗುತ್ತದೆಂದು ಹೇಳಿ ಹಿಂದಕ್ಕೆ ಕಳಿಸಿದ್ದರಂತೆ. ಇನ್ನೊಂದು ಅಂಗಡಿಯವರು, ಇದಕ್ಕೆ ಬೀಗವಿದೆ, ಬೀಗ ಒಡೆಯುವ ಸಾಫ್ಟ್‌ವೇರ್ ಬಹಳ ದುಬಾರಿ ಎಂದು ಹೇಳಿ ಎಂಟು ದಿನದ ಕೂಲಿಯನ್ನೇ ಕೇಳಿದ್ದರಂತೆ. ಈ ಎರಡೂ ಮಾತು ಸುಳ್ಳು. ಮೊದಲನೆಯದು ಅಂಜಿಕೆಯಿಂದ ಹುಟ್ಟಿದ ಸುಳ್ಳು. ಎರಡನೆಯದು ಆಶೆಯಿಂದ ಹುಟ್ಟಿದ ಸುಳ್ಳು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಇಂಥ ಸೀಡಿಗಳು ಎಷ್ಟೋ ಮನೆಗಳ ಟ್ರಂಕುಗಳಲ್ಲಿ ಬಿದ್ದಿವೆ. ಅವುಗಳ ಒಡೆತನದ ಪ್ರಶ್ನೆಯನ್ನು ದುಡಿಯುವ ಜನರೂ ಸಣ್ಣ ವ್ಯಾಪಾರಸ್ಥರೂ ಒಮ್ಮೆ ಸ್ಪಷ್ಟವಾಗಿ ಅರಿತುಕೊಳ್ಳಬೇಕೆಂದೇ ಈ ಲೇಖನ.

ಮೊದಲು ಕಾಯದೆಯ ಮಾತು. ನಮ್ಮ ದೇಶದ ಕೃತಿಸ್ವಾಮ್ಯ ಕಾಯದೆ 1957ರದು. ಅದರ 17ನೆಯ ಕಲಮಿನ ಪ್ರಕಾರ, ಒಬ್ಬರು ಹಣ ಕೊಟ್ಟು ತಮಗಾಗಿ ತೆಗೆಸಿದ ಚಲನಚಿತ್ರಕ್ಕೆ, ಬೇರೆ ಒಪ್ಪಂದವಿಲ್ಲದಿದ್ದರೆ, ಹಣ ಕೊಟ್ಟವರೇ ಮೊದಲ ಒಡೆಯರು. ಮದುವೆಯ ವಿಡಿಯೋಕ್ಕೂ ಇದೇ ಮಾತು. ಕ್ಯಾಮೆರಾ ಸ್ಟುಡಿಯೋದವರದು, ಚಿತ್ರ ಮದುವೆ ಮಾಡಿದವರದು. ತನ್ನ ಹೊಲದ ಜೋಳವನ್ನು ಒಂದು ಕಣಜದಿಂದ ಇನ್ನೊಂದು ಕಣಜಕ್ಕೆ ತುಂಬಲು ರೈತ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಹಾಗೆಯೇ ತಮ್ಮ ಮದುವೆಯ ಸೀಡಿಯನ್ನು ಪೆನ್ ಡ್ರೈವಿಗೆ ಇಳಿಸಿಕೊಳ್ಳಲು ಯಾವ ಅಂಗಡಿಯ, ಯಾವ ಪೊಲೀಸರ ಅಪ್ಪಣೆಯೂ ಬೇಕಿಲ್ಲ.

ಇನ್ನು ಹಣ ಕೊಟ್ಟು ಕೊಂಡ ಸಿನಿಮಾ ಡಿವಿಡಿಯ ಮಾತೇನು? ಇಲ್ಲಿ ಸ್ವಲ್ಪ ಸೂಕ್ಷ್ಮವಿದೆ. 2012ರಲ್ಲಿ ಸಂಸತ್ತು ಈ ಕಾಯದೆಯನ್ನು ತಿದ್ದಿತು. 52ನೆಯ ಕಲಮು ಖಾಸಗಿ ಇಲ್ಲವೆ ಸ್ವಂತ ಬಳಕೆಗಾಗಿ ಮಾಡುವ ನ್ಯಾಯವಾದ ಉಪಯೋಗವನ್ನು ಅಪರಾಧವೆಂದು ಎಣಿಸುವುದಿಲ್ಲ. ತಿದ್ದುಪಡಿಯಿಂದ ಆ ರಕ್ಷಣೆ ಸಿನಿಮಾಗಳಿಗೂ ವಿಸ್ತರಿಸಿತು. ಅದೇ ತಿದ್ದುಪಡಿ 65ಎ ಎಂಬ ಹೊಸ ಕಲಮನ್ನೂ ತಂದಿತು. ಕಂಪನಿಗಳು ಡಿವಿಡಿಗೆ ಹಾಕಿದ ಗುಪ್ತ ಬೀಗವನ್ನು ಒಡೆದರೆ ಎರಡು ವರ್ಷದವರೆಗೆ ಸೆರೆ, ಮೇಲೆ ದಂಡ. ಆದರೆ ಕಲಮನ್ನು ಪೂರ್ತಿ ಓದಬೇಕು. ಒಡೆಯರ ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ಒಡೆದರೆ ಮಾತ್ರ ಅದು ಅಪರಾಧ. ಕಾಯದೆ ನಿಷೇಧಿಸದ ಕೆಲಸಕ್ಕಾಗಿ ಒಡೆದರೆ ಅಡ್ಡಿಯಿಲ್ಲ. ಅಂಥ ಕೆಲಸಕ್ಕೆ ಇನ್ನೊಬ್ಬರಿಗೆ ನೆರವಾಗುವವರು ಮಾತ್ರ ಆ ಗಿರಾಕಿಯ ಹೆಸರು, ವಿಳಾಸ, ಉದ್ದೇಶಗಳನ್ನು ಬರೆದಿಟ್ಟುಕೊಳ್ಳಬೇಕು. ಅಂಗಡಿಯ ಬಂಧುಗಳು ಈ ಮಾತನ್ನು ಗಮನಿಸಬೇಕು. ಒಂದು ರಿಜಿಸ್ಟರು, ಅದರಲ್ಲಿ ನಾಲ್ಕು ಕಾಲಮು, ಗಿರಾಕಿಯ ಸಹಿ. ಇಷ್ಟು ಇಟ್ಟುಕೊಂಡವರು ವಿನಾಕಾರಣ ಅಂಜಬೇಕಿಲ್ಲ. ತಾನು ಕೊಂಡ ಡಿವಿಡಿಯ ಒಂದು ಪ್ರತಿಯನ್ನು ಮನೆಯ ಬಳಕೆಗೆ ಮಾಡಿಕೊಂಡವನು ಕಳ್ಳನಲ್ಲ ಎಂಬುದೇ ಈ ಕಲಮುಗಳಿಂದ ನಾವು ತಿಳಿದ ಅರ್ಥ.

ಈ ಬೀಗದ ಇತಿಹಾಸವೂ ಕೇಳುವಂಥದು. ಡಿವಿಡಿ ಕಂಪನಿಗಳು ಜಗತ್ತನ್ನು ವಲಯಗಳಾಗಿ ಹಂಚಿಕೊಂಡವು. ಭಾರತಕ್ಕೆ ಬಂದದ್ದು 5ನೆಯ ವಲಯ. ಒಂದು ವಲಯದ ಡಿವಿಡಿ ಇನ್ನೊಂದು ವಲಯದ ಯಂತ್ರದಲ್ಲಿ ಓಡಬಾರದೆಂದು ಕಟ್ಟು ಮಾಡಿದವು. ಹಳೆಯ ಕಾಲದ ಸಂಸ್ಥಾನಗಳ ಜಕಾತಿ ಕಟ್ಟೆಗಳೇ ಮತ್ತೆ ಬಂದಂತಾಯಿತು! 1999ರಲ್ಲಿ ನಾರ್ವೆ ದೇಶದ 15 ವರ್ಷದ ಯೋನ್ ಲೆಕ್ ಯೋಹಾನ್ಸೆನ್ ಎಂಬ ಹುಡುಗನೂ ಅವನ ಸಂಗಡಿಗರೂ ಆ ಬೀಗದ ಕೈಯನ್ನು ಸಾಫ್ಟ್‌ವೇರ್ ರೂಪದಲ್ಲಿ ಬಹಿರಂಗಪಡಿಸಿದರು. ಅಮೇರಿಕೆಯ ಸಿನಿಮಾ ಧನಿಕರ ದೂರಿನ ಮೇಲೆ ಅವನ ವಿಚಾರಣೆ ನಡೆಯಿತು. 2003ರಲ್ಲಿ ಕೆಳಗಿನ ಕೋರ್ಟೂ ಮೇಲಿನ ಕೋರ್ಟೂ ಅವನನ್ನು ನಿರ್ದೋಷಿಯೆಂದು ಬಿಟ್ಟವು. ಕೊಂಡ ಸರಕನ್ನು ಕೊಂಡವನು ತನಗೆ ಬೇಕಾದ ಯಂತ್ರದಲ್ಲಿ ನೋಡಬಹುದೆಂಬುದೇ ಆ ತೀರ್ಪಿನ ತಿರುಳು.

ಈಗ ಎರಡನೆಯ ಸುಳ್ಳಿಗೆ ಬರೋಣ. ಮದುವೆ, ಜಾತ್ರೆ, ನಾಟಕಗಳ ಸೀಡಿಗಳಲ್ಲಿ ಬೀಗದ ಮಾತೇ ಬರುವುದಿಲ್ಲ; ವಿಸಿಡಿಯಲ್ಲಂತೂ ಅಂಥ ಬೀಗದ ಏರ್ಪಾಡೇ ಇಲ್ಲ. ಕಂಪ್ಯೂಟರಿಗೆ ಹಾಕಿ ಅದರೊಳಗಿನ ಫೈಲುಗಳನ್ನು ಹಾಗೆಯೇ ಇಳಿಸಿಕೊಳ್ಳಬಹುದು. ಮೊಬೈಲಿನಲ್ಲಿ ಓಡುವಂತೆ ಪರಿವರ್ತಿಸಲು ಹ್ಯಾಂಡ್‌ಬ್ರೇಕ್ ಎಂಬ ಸಾಫ್ಟ್‌ವೇರ್ ಇದೆ. ನೋಡಲು ವಿಎಲ್‌ಸಿ ಇದೆ. ವಿಎಲ್‌ಸಿ ಹುಟ್ಟಿದ್ದು ಫ್ರಾನ್ಸಿನ ವಿದ್ಯಾರ್ಥಿಗಳ ಕೈಯಲ್ಲಿ. ಇವಕ್ಕೆ ಒಂದು ಕಾಸೂ ಕೊಡಬೇಕಿಲ್ಲ. ಇವುಗಳ ಒಳಗೆ ಕೆಲಸ ಮಾಡುವ ಎಫ್‌ಎಫ್‌ಎಂಪೆಗ್ ಎಂಬುದೂ 2000ದಿಂದ ಸಾವಿರಾರು ಕೈಗಳು ಸೇರಿ ಕಟ್ಟಿದ, ಯಾರೂ ಬಳಸಬಹುದಾದ, ಯಾರೂ ತಿದ್ದಬಹುದಾದ ಸಾಮೂಹಿಕ ಆಸ್ತಿ. ಹಣ ತೆಗೆದುಕೊಂಡು ಮಾರುವ ಎಷ್ಟೋ ಪರಿವರ್ತಕ ಸಾಫ್ಟ್‌ವೇರುಗಳ ಹೊಟ್ಟೆಯಲ್ಲಿಯೂ ಕೂತಿರುವುದು ಇದೇ. ಊರೆಲ್ಲ ಸೇರಿ ತೋಡಿದ ಬಾವಿಯ ನೀರನ್ನು ಬಾಟಲಿಗೆ ತುಂಬಿ ಊರಿನವರಿಗೇ ಮಾರುವ ವ್ಯವಹಾರವಿದು. ದುಡಿಯುವವರು ಒಟ್ಟುಗೂಡಿದರೆ ಧನಿಕನಿಲ್ಲದೆಯೂ ಉತ್ತಮ ಸರಕು ತಯಾರಾಗಬಲ್ಲದೆಂದು ನಾವು ಹೇಳುತ್ತ ಬಂದಿದ್ದೇವೆ. ನಂಬದವರು ಈ ಸಾಫ್ಟ್‌ವೇರುಗಳನ್ನು ನೋಡಲಿ.

ಇನ್ನೊಂದು ಮೋಸದ ಬಗೆಗೂ ಎಚ್ಚರಿಕೆ ಇರಲಿ. “ನಿಮ್ಮ ವಿಸಿಡಿಯನ್ನು ಎಚ್‌ಡಿ ಮಾಡಿಕೊಡುತ್ತೇವೆ” ಎಂದು ಹೆಚ್ಚು ಹಣ ಕೇಳುವವರಿದ್ದಾರೆ. ವಿಸಿಡಿಯ ಚಿತ್ರದಲ್ಲಿ ಅಡ್ಡಕ್ಕೆ 352, ಉದ್ದಕ್ಕೆ 288 ಚುಕ್ಕೆಗಳು ಮಾತ್ರ. ಡಿವಿಡಿಯಲ್ಲಿ 720ಕ್ಕೆ 576. ಚಿತ್ರವನ್ನು ಹಿಗ್ಗಿಸಿದರೆ ಚುಕ್ಕೆ ದೊಡ್ಡದಾಗುತ್ತದೆಯೇ ಹೊರತು, ಮೊದಲೇ ಇಲ್ಲದ ವಿವರ ಹುಟ್ಟಿ ಬರುವುದಿಲ್ಲ. ಅರವತ್ತು ಎಳೆಯ ಬಟ್ಟೆಯನ್ನು ಜಗ್ಗಿದ ಮಾತ್ರಕ್ಕೆ ಅದು ನೂರು ಎಳೆಯದಾಗುವುದೇ? ರಬಕವಿಯ ನೇಕಾರನಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ.

ಆದರೆ ತಡ ಮಾಡಬಾರದು. ಅಂಗಡಿಯಲ್ಲಿ ಬರೆದುಕೊಟ್ಟ ಸೀಡಿ-ಡಿವಿಡಿಗಳಲ್ಲಿ ಚಿತ್ರವನ್ನು ಹಿಡಿದಿಡುವುದು ಒಂದು ಬಣ್ಣದ ಪದರ. ಬಿಸಿಲು, ಸೆಕೆ, ತೇವಕ್ಕೆ ಅದು ಮಾಸುತ್ತದೆ. ನಮ್ಮ ಸೀಮೆಯ ಬೇಸಿಗೆಯೂ ತಗಡಿನ ಮನೆಯ ಕಾವೂ ಅದಕ್ಕೆ ಶತ್ರು. ಹೊಸ ಲ್ಯಾಪ್‌ಟಾಪುಗಳಲ್ಲಿ ಸೀಡಿ ಹಾಕುವ ಜಾಗವೇ ಬಹುಮಟ್ಟಿಗೆ ಮಾಯವಾಗಿದೆ. ಆದ್ದರಿಂದ ಮೊದಲು ಸೀಡಿಯನ್ನು ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ಒರೆಸಬೇಕು. ಮೂಲದ ಫೈಲುಗಳನ್ನು ಹಾಗೆಯೇ ಒಂದು ಪ್ರತಿ ಇಟ್ಟುಕೊಂಡು, ಮೊಬೈಲಿಗಾಗಿ ಸಣ್ಣ ಪ್ರತಿಯನ್ನು ಬೇರೆ ಮಾಡಬೇಕು. ಏಕೆಂದರೆ ಪ್ರತಿಯೊಂದು ಪರಿವರ್ತನೆಯಲ್ಲಿಯೂ ಚಿತ್ರದ ಅಂದ ಸ್ವಲ್ಪ ಕೆಡುತ್ತದೆ. ಎರಡು ಪ್ರತಿಗಳು ಎರಡು ಮನೆಗಳಲ್ಲಿ ಇರಲಿ. 2009ರಲ್ಲಿಯೂ 2019ರಲ್ಲಿಯೂ ಪ್ರವಾಹ ಕಂಡ ನಮ್ಮ ಜನಕ್ಕೆ ಇದರ ಕಾರಣ ಹೇಳಬೇಕಿಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ನೋಡಬೇಕು. ನಕಲು ಮಾಡುವ ಹಕ್ಕು ಬೇರೆ, ನಕಲು ಮಾಡಿ ಮಾರುವ ದಂಧೆ ಬೇರೆ. ಒಂದು ಶ್ರೀಕೃಷ್ಣ ಪಾರಿಜಾತದ ಆಟವನ್ನು ರಾತ್ರಿಯಿಡೀ ಕುಣಿದು ಹಾಡಿದವರಿಗೆ ಒಂದು ಕಾಸೂ ಕೊಡದೆ, ಅದರ ಡಿವಿಡಿಯನ್ನು ನೂರು ಪ್ರತಿ ಮಾಡಿ ಜಾತ್ರೆಯಲ್ಲಿ ಮಾರುವವನು ಬಡವನ ದುಡಿಮೆಯನ್ನೇ ಕದಿಯುತ್ತಾನೆ. ಸಿನಿಮಾದಲ್ಲಿಯೂ ದೀಪ ಹಿಡಿಯುವವ, ಬಣ್ಣ ಹಚ್ಚುವವ, ಟಾಕೀಜಿನ ಗೇಟು ಕಾಯುವವ ಕೂಲಿಯವರೇ. ಕಲಾವಿದರ ಪಾಲನ್ನು 2012ರ ತಿದ್ದುಪಡಿ ಒಪ್ಪಿಕೊಂಡಿದೆ. ವ್ಯಾಪಾರಕ್ಕೆ ಬಳಸಿದರೆ ಅವರಿಗೆ ರಾಯಧನ ಸಲ್ಲಬೇಕು. ಆದ್ದರಿಂದ ಮಾರುವ ದಂಧೆಯನ್ನು ನಾವು ಸಮರ್ಥಿಸುವುದಿಲ್ಲ.

ಆದರೂ ಆ ದಂಧೆಗೆ ಮದ್ದು ಲಾಠಿಯಲ್ಲ, ನ್ಯಾಯವಾದ ಬೆಲೆ. 2007ರಲ್ಲಿ ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರತೊಡಗಿತು. ಬೀದಿಯ ಕಳ್ಳ ಪ್ರತಿಗೂ ಅಸಲಿಗೂ ಬೆಲೆಯ ಅಂತರವೇ ಉಳಿಯದಾದಾಗ ಕಳ್ಳ ಪ್ರತಿಯನ್ನು ಯಾರು ಕೊಳ್ಳಬೇಕು? ಹಾಗಾದರೆ ಹಿಂದೆ ನೂರಾರು ರೂಪಾಯಿ ಕಿತ್ತುಕೊಳ್ಳುತ್ತಿದ್ದುದು ಯಾವ ನ್ಯಾಯ? ಆ ಕಂಪನಿಯೂ 2018ರಲ್ಲಿ ದಿವಾಳಿಯ ದಾರಿ ಹಿಡಿಯಿತು. ಕಂಪನಿ ಮುಚ್ಚಿದ ಮೇಲೆ, ಗೀರು ಬಿದ್ದ ಡಿವಿಡಿಗೆ ಬದಲು ಕೊಡುವವರು ಯಾರು? ಕೊಂಡವನ ಕೈಯ ನಕಲೇ ಗತಿ.

ಹೀಗಿರಲು ನಮ್ಮ ರಾಜ್ಯ ಸರಕಾರ ಮಾಡಿದ್ದೇನು? ಜನರು ಗೂಂಡಾ ಕಾಯದೆಯೆಂದು ಕರೆಯುವ 1985ರ ಕಾಯದೆಯೊಳಗೆ ವಿಡಿಯೋ ನಕಲಿನವರನ್ನು ಸೇರಿಸಿತು. 2014ರ ತಿದ್ದುಪಡಿಯಲ್ಲಿ, ವ್ಯಾಪಾರಕ್ಕಾಗಿ ಕೃತಿಸ್ವಾಮ್ಯ ಮುರಿಯುವವರನ್ನು ‘ಡಿಜಿಟಲ್ ಅಪರಾಧಿ’ಗಳೆಂದು ಹೆಸರಿಸಿ, ಆ್ಯಸಿಡ್ ಎರಚುವವರ ಸಾಲಿನಲ್ಲಿಯೇ ನಿಲ್ಲಿಸಿತು. ಈ ಕಾಯದೆಯಡಿ ಕೋರ್ಟಿನಲ್ಲಿ ಅಪರಾಧ ರುಜುವಾತಾಗದೆಯೇ ಒಂದು ವರ್ಷದವರೆಗೆ ತಡೆಬಂಧನದಲ್ಲಿ ಇಡಬಹುದು. ಕೃತಿಸ್ವಾಮ್ಯ ಕಾಯದೆಯ 63ನೆಯ ಕಲಮಿನಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆ ಮೊದಲೇ ಇದೆಯಲ್ಲ! ಅದು ಸಾಲದೆ? ಕೂಲಿ ಕೊಡದ ಧನಿಕನಿಗೆ ಇಲ್ಲದ ಗೂಂಡಾ ಕಾಯದೆ, ಬಸ್ ಸ್ಟ್ಯಾಂಡಿನ ಮೊಬೈಲ್ ಅಂಗಡಿಯವನಿಗೆ ಏಕೆ? ಮದುವೆಯ ಸೀಡಿಯನ್ನು ಮುಟ್ಟಲಿಕ್ಕೂ ಅಂಗಡಿಯವರು ಅಂಜುವುದು ಇಂಥ ಕಾಯದೆಗಳ ನೆರಳಿನಿಂದಲೇ.

ನಕಲು ಎಂಬ ಮಾತೇ ಹೀನವೆಂದು ತಿಳಿಯುವವರು ನಮ್ಮ ಮುಧೋಳದ ಕಡೆ ಒಮ್ಮೆ ನೋಡಲಿ. ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ ಅಲ್ಲಿಯವನು. ಅವನಿಗೆ ಆಶ್ರಯ ಕೊಟ್ಟು 993ರಲ್ಲಿ ಅಜಿತಪುರಾಣವನ್ನು ಬರೆಯಿಸಿದ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣವನ್ನು 1000 ಪ್ರತಿ ಮಾಡಿಸಿ ಹಂಚಿದಳು. ಆ ತಾಯಿಯನ್ನು ನಾಡು ದಾನಚಿಂತಾಮಣಿ ಎಂದಿತು. ಇನ್ನು ಪ್ರತಿ ಉಳಿಯದಿದ್ದರೆ ಏನಾಗುತ್ತದೆ? ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನಾ’ 1934ರದು. ಅದನ್ನು ತೆಗೆದದ್ದು ನಮಗೆ ದೂರವೇನಲ್ಲದ ಕೊಲ್ಹಾಪುರದಲ್ಲಿ. ಅದರ ಒಂದು ಪ್ರತಿಯೂ ಇಂದು ಉಳಿದಿಲ್ಲ. ಚಿತ್ರ ಬಿಡುಗಡೆಯಾದ ವರ್ಷ ಮುಗಿದು 60 ವರ್ಷ ಕಳೆದರೆ ಅದರ ಸ್ವಾಮ್ಯ ಮುಗಿಯುತ್ತದೆ. ‘ಸತಿ ಸುಲೋಚನಾ’ದ ಸ್ವಾಮ್ಯ ಎಂದೋ ಮುಗಿದಿದೆ. ಹಕ್ಕು ಜನರ ಕೈಗೆ ಬಂತು, ಚಿತ್ರ ಬರಲಿಲ್ಲ.

ನಮ್ಮ ಬೇಡಿಕೆಗಳು ಸರಳವಾಗಿವೆ. ಆಸ್ತಿ ತೆರಿಗೆಯೊಂದಿಗೆ ನಾವು ಗ್ರಂಥಾಲಯ ಕರವನ್ನೂ ಕೊಡುತ್ತಿದ್ದೇವೆ. ಆ ಹಣದಲ್ಲಿ ಪ್ರತಿ ತಾಲೂಕಿನ ಗ್ರಂಥಾಲಯದಲ್ಲಿ ಒಂದು ಕಂಪ್ಯೂಟರು, ಒಂದು ಸೀಡಿ ಯಂತ್ರ, ಒಬ್ಬ ತಿಳಿದ ನೌಕರನನ್ನು ಇಟ್ಟು, ಮನೆಯ ಸೀಡಿಗಳನ್ನು ಪುಕ್ಕಟೆಯಾಗಿ ಇಳಿಸಿಕೊಡಬೇಕು. ವಿಡಿಯೋ ನಕಲಿನ ಅಪರಾಧವನ್ನು ಗೂಂಡಾ ಕಾಯದೆಯಿಂದ ತೆಗೆದು ಸಾಮಾನ್ಯ ಕೋರ್ಟಿಗೇ ಬಿಡಬೇಕು. ಮೊಬೈಲ್ ಅಂಗಡಿ, ಸ್ಟುಡಿಯೋಗಳ ಬಂಧುಗಳು ಒಟ್ಟಾಗಿ ಕೂತು ಪುಕ್ಕಟೆ ಸಾಫ್ಟ್‌ವೇರನ್ನೇ ಬಳಸಬೇಕು. ತಮ್ಮ ವೇಳೆ, ಶ್ರಮಗಳ ನ್ಯಾಯವಾದ ದರವನ್ನು ನಿಗದಿ ಮಾಡಿ ಬೋರ್ಡು ಹಚ್ಚಬೇಕು.

ಎಲ್ಲಕ್ಕಿಂತ ತುರ್ತಿನದು ಮುಳುಗಡೆಯ ಮಾತು. ಆಲಮಟ್ಟಿಯ ನೀರನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರ ತೀರ್ಪಿನಲ್ಲಿಯೇ ಒಪ್ಪಿದೆ. ನೀರು ಏರಿದ ದಿನ ಇನ್ನಷ್ಟು ಊರುಗಳು ಹೋಗುತ್ತವೆ. ಪರಿಹಾರದ ಕಾಗದದಲ್ಲಿ ಮನೆಯ ಗೋಡೆಗೆ ಲೆಕ್ಕವಿದೆ, ಗಿಡಕ್ಕೆ ಲೆಕ್ಕವಿದೆ. ಅಂಗಳದ ಹಂದರಕ್ಕೆ, ಅಗಸಿಯ ಕಟ್ಟೆಗೆ, ಅವ್ವನ ದನಿಗೆ ಲೆಕ್ಕವಿಲ್ಲ. ಹಿಂದೆ ಮುಳುಗಿದ ಊರುಗಳ ಟೇಪು-ಸೀಡಿಗಳನ್ನು ಮನೆಯವರ ಒಪ್ಪಿಗೆಯಿಂದ ಪ್ರತಿ ಮಾಡಿ ಕಾಪಾಡುವುದೂ, ಮುಳುಗಲಿರುವ ಊರುಗಳ ಚಿತ್ರ ತೆಗೆಸಿ ಪ್ರತಿ ಕುಟುಂಬಕ್ಕೆ ಒಂದು ಪ್ರತಿ ಕೊಡುವುದೂ ಪುನರ್ವಸತಿ ಇಲಾಖೆಯ ಕರ್ತವ್ಯವೆಂದು ನಾವು ಒತ್ತಾಯಪಡಿಸುತ್ತೇವೆ.

ಬನಹಟ್ಟಿಯ ಆ ಬಂಧುವಿನ ಒಂದು ಸೀಡಿ ಪೂರ್ತಿ ಇಳಿಯಿತು. ಇನ್ನೊಂದರಲ್ಲಿ ಅಕ್ಷತೆಯ ಹೊತ್ತಿಗೆ ಚಿತ್ರ ಒಡೆದುಹೋಯಿತು. ಏನು ಮಾಡಿದರೂ ಮುಂದೆ ಸಾಗಲಿಲ್ಲ. ಒಂದು ವರ್ಷ ಮೊದಲೇ ಬಂದಿದ್ದರೆ ಅದೂ ಉಳಿಯುತ್ತಿತ್ತೇನೋ. ಓದುಗ ಬಾಂಧವರು ಈ ಭಾನುವಾರವೇ ತಮ್ಮ ಟ್ರಂಕುಗಳನ್ನು ತೆರೆಯಲಿ.