ಮರಳಿನ ಸಾಕ್ಷ್ಯಕ್ಕೆ ಎಷ್ಟು ತೂಕ?

2025ನೇ ಇಸವಿಯ ಜೂನ್ ತಿಂಗಳಲ್ಲಿ ಟೋಕಿಯೋದ ಉಚ್ಚ ನ್ಯಾಯಾಲಯವು ಇತ್ತ ತೀರ್ಪೊಂದು ನಮ್ಮ ದೇಶದಲ್ಲಿ ಅಷ್ಟಾಗಿ ಚರ್ಚೆಗೆ ಬರಲಿಲ್ಲ. ಫುಕುಶಿಮಾ ಪರಮಾಣು ವಿದ್ಯುತ್ ಸ್ಥಾವರದ ಒಡೆತನವಿದ್ದ ಕಂಪನಿಯ ಮಾಜಿ ಅಧಿಕಾರಿಗಳು 13 ಲಕ್ಷ ಕೋಟಿ ಯೆನ್‌ಗಳಿಗೂ ಮಿಕ್ಕಿ ನಷ್ಟ ತುಂಬಿಕೊಡಬೇಕೆಂದು ಕೆಳಗಿನ ನ್ಯಾಯಾಲಯವು 2022ರಲ್ಲಿ ವಿಧಿಸಿತ್ತು. ಉಚ್ಚ ನ್ಯಾಯಾಲಯವು ಅದನ್ನು ರದ್ದುಗೊಳಿಸಿತು. ಅಷ್ಟು ದೊಡ್ಡ ಸುನಾಮಿ ಬಂದೀತೆಂದು ಸ್ಥಾವರವನ್ನೇ ನಿಲ್ಲಿಸಿಬಿಡಲು ಸಾಕಾಗುವಷ್ಟು ಗಟ್ಟಿಯಾದ ಆಧಾರ ಆಗ ಅವರ ಮುಂದಿರಲಿಲ್ಲವೆಂಬುದು ಅದರ ಅಭಿಪ್ರಾಯದ ಸಾರ. ಪರದೇಶದ ನ್ಯಾಯಾಧೀಶರ ವಿವೇಚನೆಯನ್ನು ಪ್ರಶ್ನಿಸುವುದು ನಮ್ಮ ಉದ್ದೇಶವಲ್ಲ. ಆದರೆ ಈ ಮೊಕದ್ದಮೆಯ ಒಡಲಲ್ಲಿ ಅಡಗಿರುವ ಪ್ರಶ್ನೆ ಕಡಲಂಚಿನ ನಗರಗಳಲ್ಲಿ ಹೊಟ್ಟೆಹೊರೆಯುತ್ತಿರುವ ನಮ್ಮೆಲ್ಲರದೂ ಆಗಿದೆ. ಸಾವಿರ ವರ್ಷಗಳ ಹಿಂದಿನ ಪ್ರಳಯಕ್ಕೆ ನೆಲದೊಳಗಿನ ಒಂದು ಹಿಡಿ ಮರಳು ಸಾಕ್ಷಿ ನುಡಿದರೆ, ಆ ಸಾಕ್ಷ್ಯವನ್ನು ಎಷ್ಟರಮಟ್ಟಿಗೆ ನಂಬಬೇಕು?

ಸಾಕ್ಷ್ಯವೇನೆಂಬುದನ್ನು ಮೊದಲು ನೋಡೋಣ. ಕ್ರಿ.ಶ. 869ರಲ್ಲಿ ಜಪಾನಿನ ಈಶಾನ್ಯ ತೀರದಲ್ಲಿ ಭೂಮಿ ನಡುಗಿ, ಕಡಲು ಉಕ್ಕಿ ಬಂದು, ಸಾವಿರದಷ್ಟು ಜನ ಮುಳುಗಿ ಸತ್ತರೆಂದು ಅಲ್ಲಿನ ಅರಸೊತ್ತಿಗೆಯ ಇತಿಹಾಸಗ್ರಂಥದಲ್ಲಿ ದಾಖಲೆಯಿದೆ. ಪುರಾತನರ ಅತಿಶಯೋಕ್ತಿಯೆಂದು ಇದನ್ನು ಬದಿಗಿರಿಸಬಹುದಾಗಿತ್ತು. ಆದರೆ ಕಳೆದ ಶತಮಾನದ ಕೊನೆಯ ವರ್ಷಗಳಲ್ಲಿ ವಿಜ್ಞಾನಿಗಳು ಸೆಂಡಾಯಿ ಬಯಲಿನ ಗದ್ದೆಗಳನ್ನು ಕೊರೆದು ನೋಡಿದಾಗ, ಕಪ್ಪು ಜೌಗುಮಣ್ಣಿನ ನಡುವೆ ಕಡಲ ಮರಳಿನ ತೆಳುವಾದ ಪದರವೊಂದು ತೀರದಿಂದ ಕಿಲೋಮೀಟರುಗಟ್ಟಲೆ ಒಳಕ್ಕೆ ಹಾಸಿಕೊಂಡಿರುವುದು ಕಂಡುಬಂದಿತು. ಅದರ ಮೇಲ್ಗಡೆ 915ನೇ ಇಸವಿಯಲ್ಲಿ ಟೊವಾಡಾ ಜ್ವಾಲಾಮುಖಿ ಕಾರಿದ ಬೂದಿ ಇದ್ದುದರಿಂದ, ಮರಳು ಬಿದ್ದದ್ದು ಅದಕ್ಕಿಂತ ಮುಂಚೆಯೇ ಎಂಬುದು ಖಚಿತವಾಯಿತು. ಬರಹವೂ ಮಣ್ಣೂ ಒಂದೇ ಮಾತನ್ನಾಡಿದವು. ಇನ್ನೂ ಕೆಳಗೆ ಅಂಥವೇ ಎರಡು ಪದರಗಳಿದ್ದವು. ಇಂಥ ಉಪದ್ರವ 800ರಿಂದ 1100 ವರ್ಷಗಳಿಗೊಮ್ಮೆ ಮರುಕಳಿಸುವುದೆಂದೂ, ಹಿಂದಿನದು ಸಂಭವಿಸಿ 1100 ವರ್ಷ ಮೀರಿತೆಂದೂ 2001ರಲ್ಲಿಯೇ ಪ್ರಕಟವಾಯಿತು. 2009ರ ಜೂನ್‌ನಲ್ಲಿ ಯುಕಿನೊಬು ಒಕಾಮುರಾ ಎಂಬ ಭೂವಿಜ್ಞಾನಿ, 869ರ ಸುನಾಮಿಯನ್ನು ಏಕೆ ಪರಿಗಣಿಸಿಲ್ಲವೆಂದು ಸರಕಾರಿ ಸಮಿತಿಯ ಸಭೆಯಲ್ಲಿಯೇ ಕೇಳಿದರು. ಇದಕ್ಕೂ ಮುನ್ನ, 2008ರಲ್ಲಿ, ಸರಕಾರದ ಬೇರೊಂದು ಭೂಕಂಪ ವರದಿಯನ್ನು ಹಿಡಿದು ಕಂಪನಿಯೇ ಲೆಕ್ಕಹಾಕಿಸಿದಾಗ 15.7 ಮೀಟರ್ ಎಂಬ ಅಂಕೆ ಬಂದಿತ್ತು. ಸ್ಥಾವರದ ನೆಲವಿದ್ದುದು 10 ಮೀಟರ್ ಎತ್ತರದಲ್ಲಿ. ಇನ್ನಷ್ಟು ಅಧ್ಯಯನ ಆಗಲೆಂದು ವಿಷಯವನ್ನು ಇಂಜಿನಿಯರುಗಳ ಸಂಘಕ್ಕೆ ವಹಿಸಲಾಯಿತು. 2011ರ ಮಾರ್ಚ್ 11ರಂದು ಕಡಲು ಅಧ್ಯಯನಕ್ಕೆ ಕಾಯಲಿಲ್ಲ.

ಸಂದೇಹಕ್ಕೆ ಆಗ ಎಡೆಯೇ ಇರಲಿಲ್ಲವೆಂದು ಹೇಳಿದರೆ ತಪ್ಪಾದೀತು. ಮರಳಿನ ಪದರವು ನೀರು ಬಂದುದನ್ನು ಹೇಳುವುದೇ ಹೊರತು ಎಷ್ಟು ಎತ್ತರಕ್ಕೆ ಬಂದಿತೆಂಬುದನ್ನು ನೇರವಾಗಿ ಹೇಳದು. ಆದರೆ ಈ ಅನಿಶ್ಚಯ ಯಾವ ಕಡೆಗೆ ವಾಲಿತ್ತು? 2011ರ ಸುನಾಮಿಯಲ್ಲಿ ಸೆಂಡಾಯಿ ಬಯಲಿನ ಒಂದೆಡೆ ಅಳೆದು ನೋಡಿದಾಗ, ನೀರು ಸುಮಾರು 4.5 ಕಿಲೋಮೀಟರ್ ಒಳನುಗ್ಗಿದ್ದರೂ ಮರಳಿನ ಪದರ 3 ಕಿಲೋಮೀಟರಿನೊಳಗೇ ನಿಂತುಹೋಗಿತ್ತು. ಅಂದರೆ ಹಳೆಯ ಮರಳಿನ ಅಂಚನ್ನೇ ಹಳೆಯ ನೀರಿನ ಅಂಚೆಂದು ತಿಳಿದವರು ಸುನಾಮಿಯನ್ನು ಕಿರಿದಾಗಿಯೇ ಎಣಿಸುತ್ತಿದ್ದರು. ಸಂದೇಹದ ಲಾಭ ಜನರಿಗೆ ಸಲ್ಲಬೇಕಾಗಿದ್ದ ಕಡೆಯಲ್ಲಿ ಕಂಪನಿಯ ಖರ್ಚಿನ ಪುಸ್ತಕಕ್ಕೆ ಸಂದಿತು ಎಂಬುದೇ ನಮ್ಮ ಆಕ್ಷೇಪ. ಅದೇ ಕರಾವಳಿಯಲ್ಲಿ, ಭೂಕಂಪದ ಕೇಂದ್ರಕ್ಕೆ ಇನ್ನೂ ಸಮೀಪದಲ್ಲಿ, ಬೇರೊಂದು ಕಂಪನಿಯ ಒನಗಾವಾ ಸ್ಥಾವರವಿದೆ. ಯಾನೊಸುಕೆ ಹಿರಾಯಿ ಎಂಬ ಹಿರಿಯ ಇಂಜಿನಿಯರು 869ರ ದಾಖಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹಟ ಹಿಡಿದುದರಿಂದ ಅದನ್ನು 14.8 ಮೀಟರ್ ಎತ್ತರದಲ್ಲಿ ಕಟ್ಟಲಾಯಿತು. ಅದು ಉಳಿಯಿತು, ಮನೆ ಕಳೆದುಕೊಂಡ ನೂರಾರು ಮಂದಿ ಅದರ ಆವರಣದಲ್ಲಿಯೇ ಆಶ್ರಯ ಪಡೆದರು.

ಹಾಗೆಂದು ಪ್ರಳಯವೆಂದ ಕೂಡಲೇ ತಲೆದೂಗಬೇಕಾಗಿಲ್ಲ. ಮಡಗಾಸ್ಕರಿನ ದಕ್ಷಿಣದಲ್ಲಿ ಬಾಣದ ಮೊನೆಯಾಕಾರದ ಬೃಹತ್ ಮರಳುದಿಬ್ಬಗಳಿವೆ. ಸುಮಾರು 5,000 ವರ್ಷಗಳ ಹಿಂದೆ ಹಿಂದೂ ಮಹಾಸಾಗರಕ್ಕೆ ಧೂಮಕೇತುವೊಂದು ಬಿದ್ದು ಎದ್ದ ಮಹಾತರಂಗವೇ ಅವನ್ನು ಒಟ್ಟಿತೆಂದು ಕೆಲವು ವಿಜ್ಞಾನಿಗಳು ವಾದಿಸಿದರು. ಮನುಷ್ಯಕುಲದ ಜಲಪ್ರಳಯದ ಕಥೆಗಳಿಗೆಲ್ಲ ಮೂಲ ಸಿಕ್ಕಿತೆಂಬ ಸಂಭ್ರಮವೂ ಆಯಿತು. ಆದರೆ 2009ರಲ್ಲಿ ಜೊವಾನ್ ಬೂರ್ಜ್ವಾ ಮತ್ತು ರಾಬರ್ಟ್ ವೈಸ್ ಎಂಬವರು ಪರಿಶೀಲಿಸಿ, ಆ ದಿಬ್ಬಗಳು ಅಲೆ ಬರಬೇಕಾಗಿದ್ದ ದಿಕ್ಕಿಗಲ್ಲ, ಅಲ್ಲಿ ನಿತ್ಯವೂ ಬೀಸುವ ಗಾಳಿಯ ದಿಕ್ಕಿಗೆ ಹೊಂದಿಕೊಂಡಿವೆ ಎಂದು ತೋರಿಸಿಕೊಟ್ಟರು. ಗಾಳಿ ಮಾಡಿದ ಕೆಲಸಕ್ಕೆ ಧೂಮಕೇತುವನ್ನು ಕರೆತರಬೇಕಾಗಿಲ್ಲ. ಸೆಂಡಾಯಿಯ ಮರಳಿಗೂ ಇದಕ್ಕೂ ಇರುವ ಅಂತರ ಇಲ್ಲಿಯೇ ಇದೆ: ಅಲ್ಲಿ ಪದರದ ಕಾಲ ತಿಳಿದಿತ್ತು, ಬರಹದ ಬೆಂಬಲವಿತ್ತು, ಒಂದೇ ಪದರ ಹಲವೆಡೆ ಸಿಕ್ಕಿತ್ತು.

ಇನ್ನು ನಮ್ಮ ಮನೆಬಾಗಿಲಿಗೆ ಬರೋಣ. 2004ರಲ್ಲಿ ಮದರಾಸಿನ ತೀರವನ್ನು ಬಡಿದ ಸುನಾಮಿ ಹಲವು ದೇಶಗಳಲ್ಲಿ ಸೇರಿ ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡಿತು. ಆಮೇಲೆ ಥಾಯ್ಲೆಂಡಿನ ಒಂದು ದ್ವೀಪದಲ್ಲಿ ನೆಲ ಅಗೆದಾಗ, ಅಂಥದೇ ಇನ್ನೊಂದು ಸುನಾಮಿ 550ರಿಂದ 700 ವರ್ಷಗಳ ಹಿಂದೆ ಬಂದುಹೋಗಿದ್ದ ಗುರುತು ಸಿಕ್ಕಿತು. ಪಶ್ಚಿಮದ ಕಡಲು ಸೌಮ್ಯವೆಂಬ ನಂಬಿಕೆ ಮುಂಬಯಿಯಲ್ಲಿರುವ ನಮ್ಮವರಲ್ಲಿ ಸಾಮಾನ್ಯ. ಆದರೆ 1945ರ ನವೆಂಬರ್ 28ರಂದು ಮಕ್ರಾನ್ ತೀರದ ಭೂಕಂಪದಿಂದ ಎದ್ದ ಅಲೆ ಬೆಳಗಿನ ಹೊತ್ತಿಗೆ ಮುಂಬಯಿ ಮುಟ್ಟಿದಾಗ ಸುಮಾರು 2 ಮೀಟರ್ ಎತ್ತರವಿತ್ತು, ಜೀವಹಾನಿಯೂ ಆಯಿತು. ಕಾರವಾರದವರೆಗೂ ಅದು ಕಂಡುಬಂದಿತ್ತು. ಅದಕ್ಕಿಂತ ಹಿರಿದಾದದ್ದು ಬಂದಿರಬಹುದೆಂಬ ಸೂಚನೆಗಳೂ ಇವೆ. ಒಮಾನಿನ ಈಶಾನ್ಯ ತೀರದಲ್ಲಿ 100 ಟನ್ನುಗಳವರೆಗಿನ ಬಂಡೆಗಳು ಕಡಲಿನಿಂದ ಮೇಲಕ್ಕೆ ಎಸೆಯಲ್ಪಟ್ಟು ಬಿದ್ದಿವೆ; ಸುಮಾರು 1,000 ವರ್ಷಗಳ ಹಿಂದಿನ ಸುನಾಮಿಯ ಕೃತ್ಯವದೆಂದು ಜರ್ಮನ್ ಸಂಶೋಧಕರು ನಿರ್ಣಯಿಸಿದ್ದಾರೆ. ನಮ್ಮ ಕಛ್ ತೀರದಲ್ಲಿ ಸಿಕ್ಕ ಮರಳಿನ ಪದರವೊಂದನ್ನೂ ಕ್ರಿ.ಶ. 1008ರ ಸುಮಾರಿನದೆಂದು ಗುಜರಾತಿನ ವಿಜ್ಞಾನಿಗಳು ಹೇಳಿದ್ದಾರೆ. ಚಂಡಮಾರುತವೂ ಮರಳು ಹೊತ್ತು ತರಬಲ್ಲದು, ಬಂಡೆ ಉರುಳಿಸಬಲ್ಲದು. ಆದಕಾರಣ ಇದನ್ನು ಸೆಂಡಾಯಿಯಷ್ಟು ಗಟ್ಟಿಯಾದ ಸಾಕ್ಷ್ಯವೆಂದು ನಾವು ಹೇಳಲಾರೆವು. ಆದರೂ ಕಡಲಿನ ಎರಡು ದಡಗಳಲ್ಲಿ ಒಂದೇ ಕಾಲದ ಕುರುಹುಗಳು ಸಿಗುವುದು ಉಪೇಕ್ಷಿಸತಕ್ಕ ವಿಷಯವಲ್ಲ.

ಹೈದರಾಬಾದಿನಲ್ಲಿ 2007ರಿಂದ ಸುನಾಮಿ ಮುನ್ನೆಚ್ಚರಿಕೆಯ ಕೇಂದ್ರವಿದೆ. ಅದು ಬರುತ್ತಿರುವ ಅಲೆಯ ಸುದ್ದಿ ಕೊಡಬಲ್ಲದು. ಎಷ್ಟು ಎತ್ತರದ ಅಲೆಗೆ ನಗರವನ್ನು ಸಿದ್ಧಪಡಿಸಬೇಕೆಂಬುದನ್ನು ಹಳೆಯ ಮಣ್ಣನ್ನೇ ಕೇಳಬೇಕು. ಅದಕ್ಕಾಗಿ ಕೊಂಕಣದಿಂದ ಕಾರವಾರದವರೆಗಿನ ಅಳಿವೆ, ಗಜನಿ, ಉಪ್ಪಿನಾಗರಗಳಲ್ಲಿ ಕ್ರಮವಾಗಿ ಕೊರೆದು ನೋಡುವ ಕೆಲಸ ಆಗಬೇಕಾಗಿದೆ. ಮುಂಬಯಿಯ ಖಾಡಿಗಳ ಅಂಚಿನಲ್ಲಂತೂ ಆ ಕೆಸರಿನ ಮೇಲೆ ಮಣ್ಣು ತುಂಬಿ ಕಟ್ಟಡಗಳು ಏಳುತ್ತಿವೆ. ಕೊರೆಯುವುದಾದರೆ ಅಡಿಪಾಯ ಬೀಳುವ ಮೊದಲೇ ಕೊರೆಯಬೇಕು.